ಟಾರ್ಚ್ ನಿಮ್ಮ ಕೈಯಲ್ಲೇ ಇದೆ: ಹಾರರ್ ಗೇಮ್‌ಗಳ ಮೋಷನ್ ಕಂಟ್ರೋಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆದರಿಸುವ ಆಟಗಳೆಂದರೆ ನನಗೆ ಮೊದಲಿಂದಲೂ ಪ್ರಾಣ. ಅದರಲ್ಲೂ ಬಟನ್ ಬಿಟ್ಟು ಕೈ ಆಡಿಸಿ ಆಡುವ ಆಟಗಳ ಮೇಲೆ ಪ್ರೀತಿ ಜಾಸ್ತಿ, ಬೇಸರವೂ ಜಾಸ್ತಿ. ಗೆಳೆಯರು, ಮನೆಯ ಹುಡುಗರು, ಹೊಸದಾಗಿ ವಿಆರ್ (ತಲೆಗೆ ಹಾಕಿಕೊಂಡು ಆಟದೊಳಗೇ ಇದ್ದಂತೆ ನೋಡುವ ಹೆಡ್‌ಸೆಟ್) ಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ಮೋಷನ್ ಕಂಟ್ರೋಲ್ ಅಂದರೆ ಏನು?

ಬಟನ್ ಒತ್ತುವ ಬದಲು ಕೈಯನ್ನೋ ಮೈಯನ್ನೋ ಆಡಿಸಿ ಆಟ ಆಡುವುದು. ಇದನ್ನು ಮನೆಮನೆಗೆ ತಂದಿದ್ದು 2006ರ ನವೆಂಬರ್‌ನಲ್ಲಿ ಬಂದ ನಿಂಟೆಂಡೋ ವೀ ಎಂಬ ಗೇಮ್ ಯಂತ್ರ. 2010ರಲ್ಲಿ ಸೋನಿಯ ಪ್ಲೇಸ್ಟೇಷನ್ ಮೂವ್ ಬಂತು, ಅದೇ ವರ್ಷ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಕೂಡ ಬಂತು. ಈಗ ನಿಂಟೆಂಡೋ ಸ್ವಿಚ್ ಯಂತ್ರದ ಜಾಯ್-ಕಾನ್ ಕಂಟ್ರೋಲರ್, ಪ್ಲೇಸ್ಟೇಷನ್ ಕಂಟ್ರೋಲರ್, ವಿಆರ್ ಎಲ್ಲದರಲ್ಲೂ ಈ ಸೌಲಭ್ಯ ಇದೆ. ನಿಮ್ಮ ಜೇಬಿನಲ್ಲಿರುವ ಫೋನಿನಲ್ಲೂ ಇದೆ.

ನಾನು ಸರಿಯಾಗಿಯೇ ಕೈ ಬೀಸಿದೆ. ಆಟಕ್ಕೆ ಯಾಕೆ ಗೊತ್ತಾಗಲಿಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ಒಳಗೆ ಇಳಿದು ನೋಡೋಣ.

ವೀ ರಿಮೋಟಿನ ಒಳಗೆ ಆಕ್ಸೆಲೆರೋಮೀಟರ್ ಎಂಬ ಸಣ್ಣ ಚಿಪ್ ಇದೆ. ಅದಕ್ಕೆ ಮೂರು ದಿಕ್ಕಿನ ಎಳೆತ ಗೊತ್ತಾಗುತ್ತದೆ. ರಿಮೋಟ್ ಸುಮ್ನೆ ಕೈಯಲ್ಲಿದ್ದಾಗ ಅದರ ಮೇಲೆ ಕೆಲಸ ಮಾಡುವುದು ಭೂಮಿಯ ಸೆಳೆತ ಒಂದೇ. ಹಾಗಾಗಿ ಯಾವ ಕಡೆ ಓರೆಯಾಗಿದೆ ಅಂತ ಸುಲಭವಾಗಿ ಹೇಳುತ್ತದೆ. ನೀವು ಜೋರಾಗಿ ಬೀಸಿದಾಗ ಕೈಯ ರಭಸವೂ ಭೂಮಿಯ ಸೆಳೆತವೂ ಒಂದರೊಳಗೊಂದು ಬೆರೆತುಹೋಗುತ್ತವೆ. ಯಾವುದು ಎಷ್ಟು ಅಂತ ಆ ಚಿಪ್ಪಿಗೆ ಬಿಡಿಸಿ ನೋಡಲು ಆಗುವುದಿಲ್ಲ. ಅಂದರೆ ಕೈ ನಿಧಾನವಾಗಿದ್ದಾಗ ಅದು ಜಾಣ, ಕೈ ಜೋರಾದಷ್ಟೂ ದಡ್ಡ. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಮತ್ತೆ ಬರುತ್ತದೆ.

ರಿಮೋಟಿನ ಮುಂಭಾಗದಲ್ಲಿ ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಕೂಡ ಇದೆ. ಟಿವಿ ಮೇಲೆ ಇಡುವ ಪಟ್ಟಿಗೆ ಸೆನ್ಸರ್ ಬಾರ್ ಅಂತ ಹೆಸರು. ನಿಜ ಹೇಳಬೇಕೆಂದರೆ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಅಷ್ಟೇ. ಆ ಎರಡು ಬೆಳಕಿನ ಚುಕ್ಕಿಗಳನ್ನು ನೋಡಿ, ತಾನು ಟಿವಿಯ ಯಾವ ಭಾಗಕ್ಕೆ ಗುರಿ ಇಟ್ಟಿದ್ದೇನೆ ಅಂತ ರಿಮೋಟ್ ಲೆಕ್ಕ ಹಾಕುತ್ತದೆ. ಚುಕ್ಕಿಗಳು ಕಣ್ಣಿಂದ ಮರೆಯಾದ ಕ್ಷಣ ಅದಕ್ಕೆ ದಿಕ್ಕೇ ತೋಚುವುದಿಲ್ಲ.

ಮೂರನೆಯದು ಕಾಯುವಿಕೆ. ಬಟನ್ ಒತ್ತಿದ ಕೂಡಲೇ ಆಟಕ್ಕೆ ಗೊತ್ತಾಗುತ್ತದೆ. ಕೈ ಬೀಸಿದ್ದು ಎಡಕ್ಕೋ ಬಲಕ್ಕೋ ಅಂತ ತಿಳಿಯಲು ಆ ಬೀಸು ಅರ್ಧವಾದರೂ ಮುಗಿಯಬೇಕು. ಬಲಕ್ಕೆ ಬೀಸುವ ಮೊದಲು ನಾವೆಲ್ಲ ಕೈಯನ್ನು ಒಂದಿಷ್ಟು ಎಡಕ್ಕೆ ಎಳೆದುಕೊಳ್ಳುತ್ತೇವೆ. ಆಟ ಆ ಎಳೆತವನ್ನೇ ಹಿಡಿದು 'ಎಡಕ್ಕೆ ಬೀಸಿದರು' ಅಂದುಕೊಂಡರೆ ಕಥೆ ಮುಗಿಯಿತು. 2009ರಲ್ಲಿ ನಿಂಟೆಂಡೋ ಮೋಷನ್‌ಪ್ಲಸ್ ಎಂಬ ತುಣುಕು ತಂದು ಗೈರೋಸ್ಕೋಪ್ (ತಿರುಗುವಿಕೆ ಅಳೆಯುವ ಸೆನ್ಸರ್) ಸೇರಿಸಿತು. ಕೈ ತಿರುಗುವುದು ಆಗ ಚೆನ್ನಾಗಿ ತಿಳಿಯತೊಡಗಿತು. ಆದರೆ ಅಷ್ಟರಲ್ಲಿ ವೀಯ ಎಷ್ಟೋ ಹಾರರ್ ಆಟಗಳು ಬಂದಾಗಿತ್ತು, ಇಲ್ಲವೇ ತಯಾರಾಗುತ್ತಿದ್ದವು.

ಇದೇ ರಿಮೋಟಿನಲ್ಲಿ ಟೆನಿಸ್ ಚೆನ್ನಾಗಿಯೇ ಆಡ್ತೀವಲ್ವಾ? ಹಾರರ್‌ಗೆ ಮಾತ್ರ ಯಾಕೆ ಈ ಗೋಳು?

ಟೆನಿಸ್‌ನಲ್ಲಿ ನೀವು ಖುಷಿಯಾಗಿರುತ್ತೀರಿ. ಚೆಂಡು ಬರುವುದು ಕಾಣುತ್ತದೆ, ಕೈ ತಯಾರಾಗುತ್ತದೆ, ಬೀಸು ಅಚ್ಚುಕಟ್ಟಾಗಿ ಬರುತ್ತದೆ. ತಪ್ಪಿದರೆ ಒಂದು ಪಾಯಿಂಟ್ ಹೋಯಿತು, ಅಷ್ಟೇ.

ಹಾರರ್ ಆಟದ ಕೆಲಸವೇ ನಿಮ್ಮನ್ನು ಗಾಬರಿಪಡಿಸುವುದು. ಗಾಬರಿಯಾದವರು ಅಚ್ಚುಕಟ್ಟಾಗಿ ಕೈ ಬೀಸುವುದಿಲ್ಲ. ಮುಷ್ಟಿ ಬಿಗಿಯುತ್ತಾರೆ, ಮೊಣಕೈಯನ್ನು ಮೈಗೆ ಒತ್ತಿಕೊಳ್ಳುತ್ತಾರೆ, ಹೇಗೆಂದರೆ ಹಾಗೆ ಒದರಾಡುತ್ತಾರೆ. ಒಂದು ಕಡೆ ಆಟವೇ ನಿಮ್ಮ ಕೈ ನಡುಗಿಸುತ್ತದೆ. ಇನ್ನೊಂದು ಕಡೆ ನಡುಗದ ಕೈಯಿಂದ ಮಾತ್ರ ಆಗುವ ಕೆಲಸ ಕೇಳುತ್ತದೆ. ಒಂದು ಕೈಯಲ್ಲಿ ನೂಕಿ ಇನ್ನೊಂದು ಕೈಯಲ್ಲಿ ನೆಟ್ಟಗೆ ನಿಲ್ಲು ಅಂದಂತೆ.

ಇಲ್ಲಿ ಹೋಗುವುದು ಪಾಯಿಂಟ್ ಅಲ್ಲ, ಭಯವೇ. ನೀವು ತಪ್ಪು ಮಾಡಿ ಸತ್ತರೆ ಭಯ ಉಳಿಯುತ್ತದೆ, ಮುಂದಿನ ಸಲ ಆ ಬಾಗಿಲ ಹತ್ತಿರ ಹೋಗುವಾಗ ಎದೆ ಹೊಡೆದುಕೊಳ್ಳುತ್ತದೆ. ನೀವು ಸರಿಯಾಗಿ ಮಾಡಿದ್ದನ್ನು ರಿಮೋಟ್ ತಪ್ಪು ತಿಳಿದು ಸತ್ತರೆ ಸಿಟ್ಟು ಬರುತ್ತದೆ. ಸಿಟ್ಟು ಬಂದ ಮನಸ್ಸಿನಲ್ಲಿ ಭಯಕ್ಕೆ ಜಾಗ ಇಲ್ಲ. ಮೂರನೇ ಸಲ ಅದೇ ದೆವ್ವ ಬಂದಾಗ ನೀವು ದೆವ್ವವನ್ನು ನೋಡುವುದಿಲ್ಲ, ಕೈಯಲ್ಲಿರುವ ಪ್ಲಾಸ್ಟಿಕ್ಕನ್ನು ನೋಡುತ್ತೀರಿ.

ಹಾಗಾದರೆ ಹಾರರ್‌ಗೆ ಮೋಷನ್ ಕಂಟ್ರೋಲ್ ಬೇಡವೇ ಬೇಡವಾ?

ಬೇಕು! ನನ್ನ ಮಟ್ಟಿಗೆ ಹಾರರ್‌ಗಿಂತ ಒಳ್ಳೆಯ ಜಾಗ ಅದಕ್ಕೆ ಇನ್ನೊಂದಿಲ್ಲ. ದೊಡ್ಡ ಬೀಸು ಕೇಳಬಾರದು, ಸಣ್ಣ ಚಲನೆ ಕೇಳಬೇಕು. ನಾನು ಹೇಳಬೇಕಾದ್ದು ಇದೊಂದೇ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಟಾರ್ಚ್.

ಕರೆಂಟ್ ಹೋದ ರಾತ್ರಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಕು ಬೀಳುವುದು ಒಂದು ತಟ್ಟೆಯಷ್ಟು ಜಾಗಕ್ಕೆ. ಬಾವಿಕಟ್ಟೆ ಕಂಡರೆ ಬಟ್ಟೆ ಒಣಗಿಸುವ ಹಗ್ಗ ಕಾಣುವುದಿಲ್ಲ. ಹಗ್ಗ ಕಂಡರೆ ಅದರ ಪಕ್ಕದಲ್ಲಿ ಏನಿದೆ ಗೊತ್ತಿಲ್ಲ. ಹೆದರಿಕೆ ಇರುವುದು ಬೆಳಕಿನ ಅಂಚಿನಲ್ಲಿ. ಆ ಅಂಚನ್ನು ಸರಿಸುವುದು ನಿಮ್ಮ ಮಣಿಕಟ್ಟು. ನೋಡಬೇಕು ಅನ್ನುವ ಆಸೆ, ನೋಡಬಾರದು ಅನ್ನುವ ಭಯ, ಎರಡೂ ಒಂದೇ ಕೈಯಲ್ಲಿ.

ರಿಮೋಟ್ ಕೂಡ ಟಾರ್ಚಿನಷ್ಟೇ ಉದ್ದ, ಹಿಡಿಯುವುದೂ ಹಾಗೇ. ಅಭಿನಯ ಮಾಡುವ ಅಗತ್ಯವೇ ಇಲ್ಲ. ನಿಧಾನವಾಗಿ ಸರಿಸುವಾಗ ಸೆನ್ಸರ್ ಕೂಡ ತಪ್ಪು ಮಾಡುವುದಿಲ್ಲ.

ಇದನ್ನು ಸರಿಯಾಗಿ ಮಾಡಿದ ಆಟ ಯಾವುದು?

2009ರ ಡಿಸೆಂಬರ್‌ನಲ್ಲಿ ವೀಗೆ ಬಂದ 'ಸೈಲೆಂಟ್ ಹಿಲ್: ಶ್ಯಾಟರ್ಡ್ ಮೆಮೊರೀಸ್'. ಮಾಡಿದ್ದು ಇಂಗ್ಲೆಂಡಿನ ಕ್ಲೈಮ್ಯಾಕ್ಸ್ ಸ್ಟುಡಿಯೋಸ್, ಪ್ರಕಟಿಸಿದ್ದು ಕೊನಾಮಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಯಾಕೆಂದರೆ ಮೋಷನ್ ಕಂಟ್ರೋಲ್‌ನ ಅತ್ಯುತ್ತಮವೂ ಅತ್ಯಂತ ಕಷ್ಟದ್ದೂ ಒಂದೇ ಆಟದಲ್ಲಿ ಸಿಗುತ್ತವೆ.

ಹ್ಯಾರಿ ಮೇಸನ್ ಎಂಬಾತನ ಕಾರು ಹಿಮದಲ್ಲಿ ಅಪಘಾತವಾಗುತ್ತದೆ. ಎಚ್ಚರವಾದಾಗ ಮಗಳು ಚೆರಿಲ್ ಪಕ್ಕದಲ್ಲಿಲ್ಲ. ಅವಳನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಕು. ಕೈಯಲ್ಲಿ ಇರುವುದು ಟಾರ್ಚ್ ಮತ್ತು ಒಂದು ಮೊಬೈಲ್. ಬಂದೂಕು ಇಲ್ಲ, ಕತ್ತಿ ಇಲ್ಲ. ನೀವು ರಿಮೋಟ್ ತೋರಿಸಿದ ಕಡೆ ಬೆಳಕು ಹೋಗುತ್ತದೆ, ಅದರ ಹಿಂದೆಯೇ ನೆರಳುಗಳು ಗೋಡೆ ಮೇಲೆ ಉದ್ದವಾಗಿ ಸರಿಯುತ್ತವೆ. ಮೇಜಿನ ಡ್ರಾಯರನ್ನು ಚಿವುಟಿ ಹಿಡಿದಂತೆ ಹಿಡಿದು ಎಳೆಯಬೇಕು. ಡಬ್ಬಿ ಎತ್ತಿ ಬೋರಲು ಹಾಕಿದರೆ ಒಳಗಿನ ಕೀ ಬೀಳುತ್ತದೆ.

ಇನ್ನು ಫೋನ್. ವೀ ರಿಮೋಟಿನಲ್ಲಿ ಒಂದು ಪುಟ್ಟ ಸ್ಪೀಕರ್ ಇದೆ. ಆಟದಲ್ಲಿ ಕರೆ ಬಂದಾಗ ದನಿ ಬರುವುದು ಟಿವಿಯಿಂದಲ್ಲ, ಆ ಸ್ಪೀಕರಿನಿಂದ. ರಿಮೋಟನ್ನು ಕಿವಿಗೆ ಹಿಡಿದು ಕೇಳಬೇಕು. ಸ್ಪೀಕರ್ ಸಣ್ಣದು, ಸದ್ದು ಗೊರಗೊರ ಅನ್ನುತ್ತದೆ. ಕೆಟ್ಟ ಲೈನಿನಲ್ಲಿ ದೂರದಿಂದ ಯಾರೋ ಮಾತಾಡಿದಂತೆಯೇ ಇರುತ್ತದೆ. ಯಂತ್ರದ ಕೊರತೆಯನ್ನೇ ಭಯಕ್ಕೆ ಬಳಸಿಕೊಂಡ ಜಾಣತನ ಅದು. ಮೊದಲ ಸಲ ಕಿವಿಗೆ ಹಿಡಿದಾಗ ನಾನು ತಿರುಗಿ ಕೋಣೆಯ ಬಾಗಿಲು ಹಾಕಿದೆಯಾ ಅಂತ ನೋಡಿದ್ದೆ.

ಹಾಗಾದರೆ ಅದರಲ್ಲಿ ಕಷ್ಟ ಯಾವುದು?

ಓಡುವ ಭಾಗಗಳು. ಊರೆಲ್ಲ ಮಂಜುಗಡ್ಡೆಯಾಗುತ್ತದೆ, ಮುಖವಿಲ್ಲದ ಆಕೃತಿಗಳು ಬೆನ್ನು ಹತ್ತುತ್ತವೆ. ಅವು ಮೈಮೇಲೆ ಎಗರಿದಾಗ ಯಾವ ಕಡೆಯಿಂದ ಹಿಡಿದಿವೆಯೋ ಆ ಕಡೆಗೆ ರಿಮೋಟ್ ಮತ್ತು ನಂಚಕ್ (ಇನ್ನೊಂದು ಕೈಯಲ್ಲಿ ಹಿಡಿಯುವ ವೀಯ ಜೋಡಿ ಕಂಟ್ರೋಲರ್) ಎರಡನ್ನೂ ಒದರಿ ತಳ್ಳಬೇಕು. ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ.

ಕಾಗದದ ಮೇಲೆ ಇದು ಚೆನ್ನಾಗಿದೆ. ಮೈಮೇಲೆ ಬಿದ್ದದ್ದನ್ನು ಕಿತ್ತೆಸೆಯುವುದಕ್ಕಿಂತ ಸಹಜವಾದ್ದು ಏನಿದೆ? ಆದರೆ ಮೇಲೆ ಹೇಳಿದ್ದೆಲ್ಲ ಇಲ್ಲಿ ಒಟ್ಟಿಗೆ ಬರುತ್ತದೆ. ರಭಸ, ಗಾಬರಿ, ನಾಲ್ಕು ದಿಕ್ಕು. ತಳ್ಳುವಿಕೆ ಸರಿಯಾಗಿ ದಾಖಲಾಗುವುದಿಲ್ಲ ಎಂಬ ದೂರು ಆಟ ಬಂದಾಗಿನಿಂದಲೂ ಇದೆ. ಅಷ್ಟೇ ಅಲ್ಲ, ಹಾಗೆ ಒದರುವಾಗ ರಿಮೋಟ್ ಟಿವಿಯಿಂದ ಬೇರೆ ಕಡೆ ತಿರುಗಿರುತ್ತದೆ. ಬಿಡಿಸಿಕೊಂಡ ಮೇಲೆ ಟಾರ್ಚನ್ನು ಮತ್ತೆ ದಾರಿಗೆ ತರಬೇಕು. ಆ ಒಂದೆರಡು ಸೆಕೆಂಡಿನಲ್ಲಿ ಇನ್ನೊಂದು ಬಂದು ಹಿಡಿಯುತ್ತದೆ.

ಇದೇ ಆಟ 2010ರಲ್ಲಿ ಸೋನಿಯ ಪ್ಲೇಸ್ಟೇಷನ್ 2 (ಪಿಎಸ್2) ಮತ್ತು ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೂ ಬಂತು, ಬಟನ್ ಮತ್ತು ಸ್ಟಿಕ್‌ಗಳೊಂದಿಗೆ. ಅಲ್ಲಿ ಬಿಡಿಸಿಕೊಳ್ಳುವುದು ಸುಲಭ. ಆದರೆ ಟಾರ್ಚ್ ಹೆಬ್ಬೆರಳಿಗೆ ಹೋಯಿತು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕಣ್ಣು ಮುಚ್ಚಿ ವೀ ಆವೃತ್ತಿ ಎತ್ತಿಕೊಳ್ಳುತ್ತೇನೆ, ಆ ಒದ್ದಾಟ ಸಮೇತ.

ಕಂಟ್ರೋಲ್ ಚೆನ್ನಾಗಿದ್ದರೆ ಭಯ ಜಾಸ್ತಿ ಆಗುತ್ತದೆ ಅಂತಾನಾ?

ಇಲ್ಲ, ಇಲ್ಲೊಂದು ತಿರುವು ಇದೆ. 'ರೆಸಿಡೆಂಟ್ ಈವಿಲ್ 4' ನೋಡಿ. 2005ರಲ್ಲಿ ವೀಗಿಂತ ಹಿಂದಿನ ನಿಂಟೆಂಡೋ ಯಂತ್ರ ಗೇಮ್‌ಕ್ಯೂಬ್‌ಗೆ ಬಂದಾಗ ಅದರ ಬಿಗಿ ಎಲ್ಲಿತ್ತು ಅಂದರೆ, ಗುರಿ ಇಡುವಾಗ ನಡೆಯುವ ಹಾಗಿಲ್ಲ. ಸ್ಟಿಕ್ ಹಿಡಿದು ಲೇಸರ್ ಚುಕ್ಕಿಯನ್ನು ನಿಧಾನವಾಗಿ ತಲೆಯತ್ತ ತರಬೇಕು. ಅಷ್ಟರಲ್ಲಿ ಕೊಡಲಿ ಹಿಡಿದವನು ನಾಲ್ಕು ಹೆಜ್ಜೆ ಹತ್ತಿರ ಬಂದಿರುತ್ತಾನೆ.

2007ರ ವೀ ಆವೃತ್ತಿಯಲ್ಲಿ ರಿಮೋಟ್ ತೋರಿಸಿದ ಕಡೆಗೆ ಗುರಿ. ತಟ್ಟನೆ ತೋರಿಸು, ಒತ್ತು, ಆಯಿತು. ರಿಮೋಟ್ ಬೀಸಿದರೆ ಚಾಕು ಬೀಸುತ್ತದೆ. ಆಡಲು ಬಹಳ ಖುಷಿ. ಅದೇ ಕಾರಣಕ್ಕೆ ಆಟ ಎಷ್ಟೋ ಸುಲಭವಾಗಿಬಿಟ್ಟಿತು. ಶತ್ರುಗಳ ಸಂಖ್ಯೆ, ವೇಗ ಎಲ್ಲ ನಿಧಾನದ ಗುರಿಗೆ ಅಂತ ಲೆಕ್ಕ ಹಾಕಿ ಮಾಡಿದ್ದು. ಕೈ ಚುರುಕಾದ ಮೇಲೆ ಆ ಲೆಕ್ಕ ತಪ್ಪಿತು. ಹಳೆಯ ಬಗೆಯ ಕಂಟ್ರೋಲರ್ ಸಿಕ್ಕಿಸಿಯೂ ಆಡಲು ಅವಕಾಶ ಇತ್ತು ಅನ್ನುವುದು ಒಳ್ಳೆಯ ಮಾತು.

ಹಾಗಾಗಿ ಹಳೆಯ ಹಾರರ್ ಆಟಕ್ಕೆ ಮೋಷನ್ ಕಂಟ್ರೋಲ್ ತಂದು ಅಂಟಿಸಿದರೆ ಸಾಲದು. ಎದುರಿಗೆ ಬರುವವರನ್ನೂ ಮತ್ತೆ ಅಳೆದು ಕೂರಿಸಬೇಕು.

ಕೈಯಿಂದ ಗಾಳಿಯಲ್ಲಿ ಗೆರೆ ಎಳೆಯುವ ಆಟಗಳು ಹೇಗಿವೆ?

ಇದಕ್ಕೆ 'ಕರ್ಸ್ಡ್ ಮೌಂಟನ್' ನೆನಪಾಗುತ್ತದೆ. 2009ರಲ್ಲಿ ವೀಗೆ ಬಂದದ್ದು. 1980ರ ದಶಕದ ಕೊನೆಯಲ್ಲಿ ಒಬ್ಬ ಸ್ಕಾಟಿಷ್ ಪರ್ವತಾರೋಹಿ ತಮ್ಮನನ್ನು ಹುಡುಕಿ ಹಿಮಾಲಯಕ್ಕೆ ಬರುತ್ತಾನೆ. ಟಿಬೆಟನ್ ಬೌದ್ಧರ ನಂಬಿಕೆಗಳ ಮೇಲೆ ಕಟ್ಟಿದ ಕಥೆ. ಅಲ್ಲಿ ದೆವ್ವಗಳನ್ನು ಕೊಲ್ಲುವುದಿಲ್ಲ, ಬಿಡುಗಡೆ ಮಾಡಬೇಕು. ಅದಕ್ಕೆ ರಿಮೋಟ್ ಮತ್ತು ನಂಚಕ್ ಹಿಡಿದ ಎರಡು ಕೈಗಳಿಂದ ಪ್ರಾರ್ಥನೆಯ ಮುದ್ರೆಯಂಥ ಚಲನೆಗಳನ್ನು ಮಾಡಬೇಕು.

ಎಷ್ಟು ಚೆಂದದ ಯೋಚನೆ! ಗುಂಡು ಹೊಡೆಯುವ ಆಟಗಳ ನಡುವೆ ಕೈ ಮುಗಿಯುವ ಆಟ. ಮುಗ್ಗರಿಸಿದ್ದು ಅದೇ ಜಾಗದಲ್ಲಿ. ಮಾಡಿದ ಮುದ್ರೆ ಗುರುತಾಗುವುದಿಲ್ಲ ಎಂಬುದೇ ಆಡಿದವರ ಮುಖ್ಯ ದೂರು. ಪೂಜೆ ಮಾಡುವವರ ಕೈ ಸಾವಧಾನದಿಂದ ಆಡುತ್ತದೆ. ಹತ್ತಿರ ಬರುತ್ತಿರುವ ದೆವ್ವದ ಮುಂದೆ ಆ ಸಾವಧಾನ ಎಲ್ಲಿಂದ ತರಬೇಕು? ಸಮಯ ಸ್ವಲ್ಪ ಜಾಸ್ತಿ ಕೊಟ್ಟು, ನಿಧಾನವಾಗಿ ಮಾಡಿದಷ್ಟೂ ಒಳ್ಳೆಯದು ಅನ್ನುವ ಹಾಗೆ ಮಾಡಿದ್ದರೆ ಅದೇ ಆಟ ಬೇರೆಯಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕೈಯಲ್ಲಿ ಏನೂ ಇಲ್ಲದೆ ಆಡುವ ಕಿನೆಕ್ಟ್ ಹೇಗಿತ್ತು?

ಸೆಗಾ 2011ರಲ್ಲಿ 'ರೈಸ್ ಆಫ್ ನೈಟ್‌ಮೇರ್ಸ್' ತಂದಿತು. ನಡೆಯಲು ಒಂದು ಕಾಲು ಮುಂದಿಟ್ಟು ನಿಲ್ಲಬೇಕು, ತಿರುಗಲು ಭುಜ ತಿರುಗಿಸಬೇಕು. ಆಡಿನೋಡಿದರೆ ಮೊದಲ ಹತ್ತು ನಿಮಿಷದಲ್ಲೇ ಕಷ್ಟ ಗೊತ್ತಾಗುತ್ತದೆ. ಮೈ ತಿರುಗಿಸಬೇಕು, ಆದರೆ ಕಣ್ಣು ಟಿವಿ ಮೇಲೇ ಇರಬೇಕು. ನಿಜವಾಗಿ ಹಿಂದೆ ತಿರುಗಿ ನೋಡಿದರೆ ಕಾಣುವುದು ನಿಮ್ಮ ಸೋಫಾ. ಕಿನೆಕ್ಟ್ ಕ್ಯಾಮೆರಾ ಮೈಯನ್ನು ಸೆಕೆಂಡಿಗೆ 30 ಸಲ ನೋಡಿ ಕೈಕಾಲು ಎಲ್ಲಿವೆ ಅಂತ ಲೆಕ್ಕ ಹಾಕುತ್ತದೆ, ಆ ಲೆಕ್ಕ ಮುಗಿಯುವವರೆಗಿನ ತಡ ಆಡುವವರಿಗೆ ತಿಳಿಯುತ್ತದೆ. ಸುಮಾರು ಆರು ಅಡಿ ದೂರ ನಿಲ್ಲಲೂ ಜಾಗ ಬೇಕು. ನಮ್ಮ ಎಷ್ಟು ಮನೆಗಳ ಹಾಲ್‌ನಲ್ಲಿ ಟೀಪಾಯಿ ಸರಿಸದೆ ಅಷ್ಟು ಜಾಗ ಸಿಗುತ್ತದೆ ಹೇಳಿ?

ಆದರೆ ಅದರಲ್ಲಿ ಒಂದು ಸಂಗತಿ ನನಗೆ ಬಹಳ ಇಷ್ಟ. ಕಿರುಚುವ ಪ್ರೇತ ಬಂದಾಗ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳಬೇಕು. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಹೆದರಿದವರ ಕೈ ತಾನಾಗಿಯೇ ಮಾಡುವ ಕೆಲಸ ಅದು.

ನಾವು ಗುಂಪಿನಲ್ಲಿ ಆಡುವಾಗ ಭಯದ ಬದಲು ನಗು ಬರುತ್ತದೆ. ನಮ್ಮ ತಪ್ಪಾ?

ಅಲ್ಲ. ಕೈಕಾಲು ಬೀಸುವವರನ್ನು ಪಕ್ಕದಲ್ಲಿ ಕೂತು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಮೈ ಜೋರಾಗಿ ಆಡಿದಾಗ ಒಳಗೆ ಕಟ್ಟಿಕೊಂಡಿದ್ದ ಬಿಗುವೂ ಹೊರಗೆ ಹೋಗಿಬಿಡುತ್ತದೆ. ಕುಣಿಯುತ್ತಾ ಹೆದರುವುದು ಕಷ್ಟ.

2009ರ 'ಜು-ಆನ್: ದಿ ಗ್ರಡ್ಜ್' ಆಟ ಇದನ್ನು ಒಪ್ಪಿಕೊಂಡೇ ಮಾಡಿದ್ದು. ಒಬ್ಬರು ಟಾರ್ಚ್ ಹಿಡಿದು ಮನೆಯೊಳಗೆ ನಡೆಯುತ್ತಾರೆ, ಇನ್ನೊಬ್ಬರು ಎರಡನೇ ರಿಮೋಟ್ ಹಿಡಿದು ತಮಗೆ ಬೇಕಾದಾಗ ಬಟನ್ ಒತ್ತಿ ಬೆಚ್ಚಿಬೀಳಿಸುತ್ತಾರೆ. ಆಟವಾಗಿ ಅದಕ್ಕೆ ಹೊಗಳಿಕೆ ಸಿಗಲಿಲ್ಲ, ನಡಿಗೆ ತುಂಬಾ ನಿಧಾನ. ಜಾತ್ರೆಯ ಭೂತಬಂಗಲೆಗೆ ತಂಗಿಯನ್ನು ಕರೆದುಕೊಂಡು ಹೋದಂತೆ ಒಂದು ಸಂಜೆಗೆ ಮಾತ್ರ ಅದು ಚೆನ್ನ. ನಿಜವಾಗಿ ಹೆದರಬೇಕೆಂದರೆ ಒಬ್ಬರೇ ಕೂತು ಆಡಿ.

ಕೈಯಿಂದಲೇ ಕೊಲ್ಲುವ ಅಭಿನಯ ಮಾಡಿಸುವುದು ಸರಿಯಾ?

2007ರಲ್ಲಿ 'ಮ್ಯಾನ್‌ಹಂಟ್ 2' ಬಂದಾಗ ಈ ವಾದ ಜೋರಾಗಿ ನಡೆಯಿತು. ಬ್ರಿಟನ್ನಿನ ವರ್ಗೀಕರಣ ಮಂಡಳಿ ಆ ವರ್ಷದ ಜೂನ್‌ನಲ್ಲಿ ಆಟಕ್ಕೆ ಪ್ರಮಾಣಪತ್ರವನ್ನೇ ನಿರಾಕರಿಸಿತು. ವೀ ಆವೃತ್ತಿಯಲ್ಲಿ ಕೊಲೆಯ ಚಲನೆಗಳನ್ನು ರಿಮೋಟ್ ಹಿಡಿದ ಕೈಯಿಂದ ಮಾಡಬೇಕಿತ್ತು ಅನ್ನುವುದು ಜನರ ಕಳವಳ ಹೆಚ್ಚಿಸಿತು. ನನಗೆ ಅಂಥ ಆಟ ಬೇಡ. ಹೆದರುವ ಕೈ ನನಗೆ ಇಷ್ಟ, ಹೆದರಿಸುವ ಕೈ ಅಲ್ಲ.

ಚಲನೆಯನ್ನು ಅತ್ಯಂತ ಚೆನ್ನಾಗಿ ಬಳಸಿದ ಒಂದೇ ಒಂದು ದೃಶ್ಯ ಹೇಳಿ ಅಂದರೆ?

ಚಲನೆಯೇ ಇಲ್ಲದ ದೃಶ್ಯ. 2015ರ 'ಅಂಟಿಲ್ ಡಾನ್'. ಸೂಪರ್‌ಮ್ಯಾಸಿವ್ ಗೇಮ್ಸ್ ಅದನ್ನು ಮೊದಲು ಪಿಎಸ್3ಕ್ಕೆ, ಪ್ಲೇಸ್ಟೇಷನ್ ಮೂವ್ ಹಿಡಿದು ಆಡುವ ಆಟವಾಗಿ 2012ರಲ್ಲಿ ಘೋಷಿಸಿತ್ತು. ಆಮೇಲೆ ಅದು ಪೂರ್ತಿ ಬದಲಾಗಿ ಪಿಎಸ್4ಕ್ಕೆ ಬಂತು. ಕೈ ಬೀಸಾಟ ಹೋಗಿ ಬೇರೆ ಒಂದು ಬಂತು. ಕೆಲವು ಗಳಿಗೆಯಲ್ಲಿ ಪರದೆಯ ಮೇಲೆ 'ಅಲುಗಾಡಬೇಡ' ಅಂತ ಬರುತ್ತದೆ. ಕಂಟ್ರೋಲರನ್ನು ಅಲುಗಿಸದೆ ಹಿಡಿದಿರಬೇಕು. ಒಳಗಿನ ಗೈರೋಸ್ಕೋಪ್ ನೋಡುತ್ತಿರುತ್ತದೆ. ಸ್ವಲ್ಪ ಜಾಸ್ತಿ ಅಲುಗಿದರೆ ಎದುರಿರುವುದಕ್ಕೆ ನೀವು ಕಂಡಿರಿ ಅಂತಲೇ ಅರ್ಥ.

ನನ್ನ ಅಕ್ಕ ಆಟಗಳನ್ನು ಆಡುವವಳಲ್ಲ. ಒಂದು ರಾತ್ರಿ ಸುಮ್ನೆ ಕೈಗೆ ಕೊಟ್ಟೆ. ಆ ದೃಶ್ಯ ಬಂತು. ಅವಳು ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಿಗೆ ಒತ್ತಿಕೊಂಡಳು. ಉಸಿರು ಕಟ್ಟಿದಳು. ಪರದೆಯ ಮೇಲಿನ ಬೆಳಕಿನ ಗುರುತು ಅವಳ ನಾಡಿಯ ಜೊತೆ ಸಣ್ಣಗೆ ಅದುರುತ್ತಿತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಅಷ್ಟರಲ್ಲಿ ಅವಳ ಬಳೆ ಕಂಟ್ರೋಲರಿಗೆ ತಾಗಿ ಕಿಣಿ ಅಂದಿತು. ಇಬ್ಬರೂ ಬೆಚ್ಚಿಬಿದ್ದೆವು. ಆಟಕ್ಕೆ ಆ ಸದ್ದು ಕೇಳಿಸುವುದಿಲ್ಲ, ಆದರೆ ನಮಗೆ ಆ ಕ್ಷಣ ಹಾಗೆ ಅನ್ನಿಸಲೇ ಇಲ್ಲ. ಮುಗಿದ ಮೇಲೆ ಅವಳು ಬಳೆ ಬಿಚ್ಚಿ ಮೇಜಿನ ಮೇಲಿಟ್ಟು 'ಈಗ ಮುಂದಕ್ಕೆ ಹೋಗೋಣ' ಅಂದಳು.

ಕಂಟ್ರೋಲರನ್ನು ಮೇಜಿನ ಮೇಲೆ ಇಟ್ಟುಬಿಟ್ಟರೆ ಗೆಲ್ಲಬಹುದು, ನಿಜ. ದಯವಿಟ್ಟು ಮೊದಲ ಸಲ ಹಾಗೆ ಮಾಡಬೇಡಿ.

ವಿಆರ್ ಬಂದ ಮೇಲೆ ಈ ಕಷ್ಟಗಳೆಲ್ಲ ಹೋದವಾ?

ಅರ್ಧ ಹೋದವು. ಈಗಿನ ವಿಆರ್‌ನಲ್ಲಿ ಕೈ ಎಲ್ಲಿದೆ ಅಂತ ಕ್ಯಾಮೆರಾ ಮತ್ತು ಸೆನ್ಸರ್‌ಗಳು ಸೇರಿ ಚೆನ್ನಾಗಿ ಕಂಡುಹಿಡಿಯುತ್ತವೆ. ಊಹೆಯ ಬೀಸು ಬೇಕಿಲ್ಲ. ಕೈ ಎಲ್ಲಿಟ್ಟರೆ ಅಲ್ಲೇ ಕೈ.

2020ರ 'ಹಾಫ್-ಲೈಫ್: ಅಲಿಕ್ಸ್' ಇದರ ಶಿಖರ. ಅದರಲ್ಲಿ 'ಜೆಫ್' ಎಂಬ ಅಧ್ಯಾಯವಿದೆ. ಹಳೆಯ ವೋಡ್ಕಾ ಕಾರ್ಖಾನೆ, ಎಲ್ಲಿ ನೋಡಿದರೂ ಗಾಜಿನ ಬಾಟಲಿ. ಅಲ್ಲಿ ತಿರುಗುವ ಜೀವಿಗೆ ಕಣ್ಣಿಲ್ಲ, ಕಿವಿ ಮಾತ್ರ. ಅದರ ಮೈಯಿಂದ ಬರುವ ಧೂಳಿಗೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅದು ನಿಮ್ಮತ್ತ ಓಡಿ ಬರುತ್ತದೆ. ಕೆಮ್ಮು ತಡೆಯಲು ಕೈಯನ್ನು ನಿಜವಾಗಿ ಬಾಯಿಯ ಹತ್ತಿರ ಹಿಡಿದುಕೊಳ್ಳಬೇಕು. ಅಂದರೆ ಕೆಲಸ ಮಾಡಲು ಉಳಿಯುವುದು ಒಂದೇ ಕೈ. ಒಂದು ಕೈ ಬಾಯಿ ಮೇಲೆ, ಇನ್ನೊಂದು ಕೈಯಲ್ಲಿ ಕಪಾಟಿನ ಬಾಗಿಲು ತೆರೆಯುತ್ತೀರಿ, ಒಳಗಿನಿಂದ ಬಾಟಲಿ ಜಾರುತ್ತದೆ. ಹಿಡಿಯಲು ಬಾಯಿ ಮೇಲಿನ ಕೈ ತೆಗೆಯಬೇಕಾ, ಬೇಡವಾ? ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಬಟನ್ನೂ ಕೇಳಿಲ್ಲ.

ಉಳಿದ ಅರ್ಧ ಕಷ್ಟ ಅಂದರೆ ತೂಕ. ಪರದೆಯಲ್ಲಿ ಕೊಡಲಿ ಭಾರ, ಕೈಯಲ್ಲಿ ಇರುವುದು ಹಗುರ ಪ್ಲಾಸ್ಟಿಕ್. ಹೊಡೆತ ತಲೆಗೆ ತಾಗಿದರೂ ನಿಮ್ಮ ಕೈ ನಿಲ್ಲುವುದಿಲ್ಲ, ಗಾಳಿಯಲ್ಲಿ ಮುಂದೆ ಹೋಗುತ್ತದೆ. ಅದೇ ವರ್ಷ ಬಂದ 'ದಿ ವಾಕಿಂಗ್ ಡೆಡ್: ಸೇಂಟ್ಸ್ ಅಂಡ್ ಸಿನ್ನರ್ಸ್' ಇದಕ್ಕೆ ಒಂದು ದಾರಿ ಹುಡುಕಿತು. ಭಾರದ ಆಯುಧವನ್ನು ಎತ್ತಿದರೆ ಪರದೆಯ ಕೈ ನಿಮ್ಮ ಕೈಗಿಂತ ನಿಧಾನವಾಗಿ ಏಳುತ್ತದೆ. ಚುಚ್ಚಿದ ಚಾಕುವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಮನಸ್ಸು ಅದನ್ನು ತೂಕ ಅಂತಲೇ ಒಪ್ಪಿಕೊಳ್ಳುತ್ತದೆ.

ಇನ್ನೊಂದು ಮಾತು. 2017ರ 'ರೆಸಿಡೆಂಟ್ ಈವಿಲ್ 7' ಪಿಎಸ್ ವಿಆರ್‌ನಲ್ಲಿ ಮಾಮೂಲಿ ಕಂಟ್ರೋಲರ್ ಹಿಡಿದೇ ಆಡುವ ಆಟ. ಕೈಯ ಚಲನೆ ಇಲ್ಲ, ತಲೆ ತಿರುಗಿಸಿದರೆ ನೋಟ ತಿರುಗುತ್ತದೆ. ಅಷ್ಟಕ್ಕೇ ಎಷ್ಟೋ ಜನ ಹೆಡ್‌ಸೆಟ್ ಕಿತ್ತು ಇಟ್ಟರು. ಮೂಲೆಯ ಆಚೆ ಏನಿದೆ ಅಂತ ಕುತ್ತಿಗೆ ಚಾಚುವುದೂ ಸಣ್ಣ ಚಲನೆಯೇ ಅಲ್ವಾ?

ಆಡುವ ಮೊದಲು ಮೇಲೆ ನೋಡಿ. ಫ್ಯಾನ್ ಕೆಳಗೆ ನಿಂತು ಕೈ ಎತ್ತಬೇಡಿ.

ವೀ ಯು ಗೇಮ್‌ಪ್ಯಾಡ್ ಬಗ್ಗೆ ಯಾರೂ ಮಾತಾಡಲ್ಲ, ಯಾಕೆ?

ವೀ ನಂತರ ನಿಂಟೆಂಡೋ ತಂದ ಯಂತ್ರ ವೀ ಯು, ಅದರ ಪರದೆಯಿರುವ ಕಂಟ್ರೋಲರ್ ಗೇಮ್‌ಪ್ಯಾಡ್. ಆ ಯಂತ್ರವೇ ಹೆಚ್ಚು ಮಾರಾಟವಾಗಲಿಲ್ಲ. ಪಾಪ, ಅದರಲ್ಲಿ ಒಳ್ಳೆಯ ಹಾರರ್ ಇತ್ತು. 2012ರ 'ಜ಼ಾಂಬಿಯು'ನಲ್ಲಿ ಚೀಲದೊಳಗೆ ಏನಿದೆ ಅಂತ ಕೈಯಲ್ಲಿರುವ ಪರದೆ ನೋಡಬೇಕು. ನೀವು ತಲೆ ತಗ್ಗಿಸಿದ್ದಾಗ ಟಿವಿಯಲ್ಲಿ ಆಟ ನಿಲ್ಲುವುದಿಲ್ಲ. 2014ರಲ್ಲಿ ಜಪಾನಿನಲ್ಲಿ ಬಂದ 'ಫೇಟಲ್ ಫ್ರೇಮ್' ಸರಣಿಯ ಐದನೇ ಆಟದಲ್ಲಿ ಗೇಮ್‌ಪ್ಯಾಡೇ ದೆವ್ವ ಹಿಡಿಯುವ ಕ್ಯಾಮೆರಾ. ಎತ್ತಿ ಹಿಡಿದು ಕೋಣೆಯಲ್ಲಿ ಸುತ್ತ ತಿರುಗಿಸಿ ದೆವ್ವವನ್ನು ಚೌಕಟ್ಟಿಗೆ ತರಬೇಕು. ಫೋಟೋ ತೆಗೆಯುವಾಗ ಕೈ ಅಲುಗಬಾರದು ಅಂತ ಎಲ್ಲರಿಗೂ ಗೊತ್ತು. ಅದೇ ಅಲ್ಲಿಯ ಭಯ.

ಕೈ ನೋವಿರುವವರು, ಕೈ ನಡುಗುವವರು ಏನು ಮಾಡಬೇಕು?

ಸೆಟ್ಟಿಂಗ್ಸ್‌ನಲ್ಲಿ ಚಲನೆಯ ಬದಲು ಬಟನ್ ಆರಿಸುವ ಅವಕಾಶ ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ. ಇಲ್ಲದಿದ್ದರೆ ಆ ಆಟ ನಿಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಅರ್ಥ, ಅದು ತಯಾರಿಸಿದವರ ತಪ್ಪು. ನಡುಗುವ ಕೈಯವರಿಗೆ 'ಅಲುಗಾಡಬೇಡ' ದೃಶ್ಯಗಳು ಅನ್ಯಾಯ. ಅಂಥವರು ಕಂಟ್ರೋಲರನ್ನು ಮೇಜಿನ ಮೇಲೆ ಇಟ್ಟು ಆಡಲಿ, ಮೇಲೆ ನಾನು ಹೇಳಿದ ಕಟ್ಟುಪಾಡು ಅವರಿಗಲ್ಲ.

ನಾನೇ ಒಂದು ಹಾರರ್ ಆಟ ಮಾಡ್ತಿದ್ದೀನಿ. ಎಲ್ಲಿಂದ ಶುರು ಮಾಡಲಿ?

ಹೆದರಿದವರ ಕೈ ತಾನಾಗಿಯೇ ಏನು ಮಾಡುತ್ತದೆ ಅಂತ ನೋಡಿ, ಅದನ್ನೇ ಕೇಳಿ. ಟಾರ್ಚ್ ಸರಿಸುವುದು, ಬಾಯಿ ಮುಚ್ಚುವುದು, ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು ಇಣುಕುವುದು, ಸುಮ್ಮನೆ ನಿಲ್ಲುವುದು. ಗಾಬರಿಯ ಗಳಿಗೆಯಲ್ಲಿ ದಿಕ್ಕು ಕೇಳಬೇಡಿ. ಹೇಗೆ ಒದರಿದರೂ ಒಪ್ಪಿಕೊಳ್ಳಿ. ಗುರಿ ಮಧ್ಯಕ್ಕೆ ತರುವ ಒಂದು ಬಟನ್ ಇಡಿ, ಅದನ್ನು ಮೊದಲ ನಿಮಿಷದಲ್ಲೇ ಹೇಳಿಕೊಡಿ.

ಆಮೇಲೆ ಹಗಲು ಹೊತ್ತು ಆಫೀಸಿನ ಮೇಜಿನ ಮುಂದೆ ಕೂತು ಪರೀಕ್ಷೆ ಮಾಡಬೇಡಿ. ಅಲ್ಲಿ ಎಲ್ಲ ಚಲನೆಯೂ ಸರಿಯಾಗಿಯೇ ಗುರುತಾಗುತ್ತದೆ. ಆಟ ಗೊತ್ತಿಲ್ಲದ ಒಬ್ಬರನ್ನು ರಾತ್ರಿ ದೀಪ ಆರಿಸಿ ಕೂರಿಸಿ. ಪರದೆ ನೋಡಬೇಡಿ, ಅವರ ಮೊಣಕೈ ನೋಡಿ.

ಗುರಿ ತಾನಾಗಿಯೇ ಒಂದು ಕಡೆ ಜಾರುತ್ತದೆ. ಕಂಟ್ರೋಲರ್ ಕೆಟ್ಟಿದೆಯಾ?

ಇರಲಿಕ್ಕಿಲ್ಲ. ಗೈರೋಸ್ಕೋಪಿನ ಚಿಕ್ಕ ಚಿಕ್ಕ ತಪ್ಪುಗಳು ಕೂಡಿಕೊಂಡು ಹೀಗೆ ಜಾರುತ್ತದೆ. ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟು, ಕ್ಯಾಲಿಬ್ರೇಷನ್ (ಸೆನ್ಸರನ್ನು ಮತ್ತೆ ಸರಿಹೊಂದಿಸುವ) ಆಯ್ಕೆ ಇದ್ದರೆ ಅದನ್ನು ಮತ್ತೆ ಮಾಡಿ. ನಾನು ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ತಂದ ಒಂದು ಕಂಟ್ರೋಲರ್ ಹೀಗೆ ಮಾಡಿದರೂ ಸರಿಹೋಗಲಿಲ್ಲ, ಟಾರ್ಚ್ ಯಾವಾಗಲೂ ಎಡಗಡೆಯ ಗೋಡೆ ನೋಡುತ್ತಿತ್ತು. ಅಂಥದ್ದನ್ನು ವಾಪಸ್ ಕೊಡುವುದೇ ಒಳ್ಳೆಯದು. ಕೊಳ್ಳುವಾಗ ಅಂಗಡಿಯಲ್ಲೇ ಐದು ನಿಮಿಷ ಹಿಡಿದು ನೋಡಿ.

ಹಳೆಯ ವೀ ಸಿಕ್ಕಿದೆ, ಸೆನ್ಸರ್ ಬಾರ್ ಕಳೆದುಹೋಗಿದೆ. ಆಡಬಹುದಾ?

ಆಡಬಹುದು. ಆ ಪಟ್ಟಿ ಮಾಡುವುದು ಎರಡು ಕಡೆಯಿಂದ ಇನ್‌ಫ್ರಾರೆಡ್ ಬೆಳಕು ಬಿಡುವುದನ್ನು ಮಾತ್ರ ಅಂತ ಹೇಳಿದೆನಲ್ಲ. ಮೇಣದಬತ್ತಿಯ ಜ್ವಾಲೆಯಲ್ಲೂ ಅದೇ ಬೆಳಕು ಇದೆ. ಟಿವಿಯ ಮುಂದೆ, ಒಂದು ಗೇಣಿನಷ್ಟು ಅಂತರ ಬಿಟ್ಟು ಎರಡು ಮೇಣದಬತ್ತಿ ಹಚ್ಚಿಡಿ. ರಿಮೋಟ್ ಅವುಗಳನ್ನೇ ಸೆನ್ಸರ್ ಬಾರ್ ಅಂತ ನಂಬುತ್ತದೆ. ತಟ್ಟೆಯ ಮೇಲೆ ಇಡಿ, ಪರದೆ ಬಟ್ಟೆಯಿಂದ, ಟಿವಿಯ ಅಂಚಿನಿಂದ ದೂರ ಇರಲಿ, ಮಕ್ಕಳಿರುವ ಮನೆಯಲ್ಲಿ ಬೇಡ. ಫ್ಯಾನ್ ಆರಿಸಿ. ಇಲ್ಲದಿದ್ದರೆ ಜ್ವಾಲೆ ಅಲುಗಿದಾಗ ಆಟದೊಳಗಿನ ನಿಮ್ಮ ಟಾರ್ಚ್ ಕೂಡ ಅಲುಗುತ್ತದೆ.